ಹಾರ್ನಣ್ಣನ ಓಟ

ಬಸ್ಸನ್ನು ಎಡಕ್ಕೆ ತಿರುಗಿಸಿದಾಗಲೆಲ್ಲ ಹಾರ್ನ್ ಕೂಗುತ್ತಿತ್ತು. ಕೈ ಒತ್ತಿದ್ದಲ್ಲ, ಹೊಟ್ಟೆ ಒತ್ತಿದ್ದು. ಹಾಗಾಗಿ ಆ ದಾರಿಯ ಪ್ರಯಾಣಿಕರು ಚಾಲಕನಿಗೆ ಹಾರ್ನಣ್ಣ ಎಂದೇ ಹೆಸರಿಟ್ಟಿದ್ದರು. ಅವನಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಬೇಸರವಾದದ್ದು ಡಿಪೋದ ಡಾಕ್ಟರಮ್ಮ ಅವನ ಬಿಪಿ ನೋಡಿ ಕನ್ನಡಕ ತೆಗೆದಿಟ್ಟ ದಿನ. ಮೂರು ತಿಂಗಳಲ್ಲಿ ತೂಕ, ಬಿಪಿ ಎರಡೂ ಇಳಿಯಬೇಕು, ಇಲ್ಲದಿದ್ದರೆ ಸ್ಟೀರಿಂಗ್ ಬಿಟ್ಟು ವಿಚಾರಣೆ ಕಿಟಕಿಯಲ್ಲಿ ಕೂರಬೇಕಾಗುತ್ತದೆ ಎಂದರು. ತಿನ್ನುವುದರಲ್ಲಿ ಹಿಡಿತವಿರಲಿ, ಮೊದಲು ನಡೆಯಿರಿ, ಆಮೇಲೆ ನಿಧಾನಕ್ಕೆ ಓಡಿ ಎಂದೂ ಹೇಳಿದರು. ಹಾರ್ನಣ್ಣನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ.

ಮರುದಿನ ಬೆಳಿಗ್ಗೆ ಹೊಸ ಬೂಟು ಬಿಗಿದು ಓಡಿದ. ಎರಡು ದೀಪದ ಕಂಬ ದಾಟುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂತು. ಅದೇ ಹೊತ್ತಿಗೆ ಹಿಂದಿನಿಂದ ಬೆಳಗಿನ ಪಾಳಿಯ ಬಸ್ಸು ಬಂತು. ಅದರ ಕಂಡಕ್ಟರ್ ಅವನ ಬಾಮೈದನೇ. ಭಾವ ಪಾಪ ಬಸ್ಸಿಗಾಗಿ ಓಡುತ್ತಿದ್ದಾರೆಂದು ಸೀಟಿ ಊದಿ ನಿಲ್ಲಿಸಿದ. ಪ್ರಯಾಣಿಕರು ಕಿಟಕಿಯಿಂದ ಕತ್ತು ಹೊರಹಾಕಿ ಹುರಿದುಂಬಿಸಿದರು. ಇಬ್ಬರು ಇಳಿದು ಬಂದು ರಟ್ಟೆ ಹಿಡಿದು ಹತ್ತಿಸಿಯೇ ಬಿಟ್ಟರು. ಬೇಡ ಎನ್ನಲು ಅವನ ಬಾಯಲ್ಲಿ ಉಸಿರಿರಲಿಲ್ಲ. ವಾರವಿಡೀ ಇದೇ ಕಥೆ. ಓಡಿದ್ದು ಕಡಿಮೆ, ಕೂತು ಬಂದದ್ದೇ ಹೆಚ್ಚು. ಮನೆಗೆ ಬಂದು, ಇಷ್ಟು ಬೆವರು ಹರಿಸಿದ್ದೇನೆ ಎಂಬ ಧೈರ್ಯದಲ್ಲಿ ನಾಲ್ಕು ಮೊಟ್ಟೆ, ಬೆಣ್ಣೆ ಮೆತ್ತಿದ ಎಂಟು ಬ್ರೆಡ್ಡು ಒಳಗಿಳಿಸುತ್ತಿದ್ದ.

ತಿಂಗಳ ಕೊನೆಗೆ ತೂಕದ ಯಂತ್ರ ಎರಡು ಕೆಜಿ ಹೆಚ್ಚು ತೋರಿಸಿತು. ಯಂತ್ರವೇ ಕೆಟ್ಟಿದೆ ಎಂದ. ಹೆಂಡತಿ ಹತ್ತಿ ನೋಡಿದಳು. ಅವಳ ತೂಕ ಸರಿಯಾಗಿಯೇ ಇತ್ತು. ಅವನ ಮುಖ ಚಿಕ್ಕದಾಯಿತು.

ಅವಳು ಹಾಸ್ಟೆಲ್ಲೊಂದರಲ್ಲಿ ಇನ್ನೂರು ಜನಕ್ಕೆ ಅಡುಗೆ ಮಾಡಿ ಹಾಕುವವಳು. ಯಾರ ಹೊಟ್ಟೆಗೆ ಎಷ್ಟು ಹೋಗುತ್ತದೆಂದು ಕಣ್ಣಲ್ಲೇ ಅಳೆಯಬಲ್ಲಳು. ಪಕ್ಕದಲ್ಲಿ ಕೂತು, ಡ್ಯೂಟಿಯಲ್ಲಿ ಏನೇನು ತಿನ್ನುತ್ತೀರಿ ಎಂದು ಕೇಳಿದಳು. ಏನೂ ಇಲ್ಲ ಎಂದ.

"ಟ್ರಿಪ್ ಮುಗಿದಾಗ ಚಹಾ ಜೊತೆ?"

"ಬನ್ನು. ಎರಡೇ ಎರಡು."

"ದಿನಕ್ಕೆ ಎಷ್ಟು ಟ್ರಿಪ್ಪು?"

"ಎಂಟು." ಅಂದ ಮೇಲೆ ಅವನೇ ಬೆರಳು ಮಡಚಿ ಲೆಕ್ಕ ಹಾಕಿದ. ಆಮೇಲೆ ಮೆಲ್ಲಗೆ, "ಅದು ತಿನ್ನೋದಲ್ಲ ಕಣೇ, ಟೈಮಾಗೋವರೆಗೆ ಕಾಯೋದು," ಎಂದ.

ಅವಳು ನಕ್ಕಳೇ ಹೊರತು ಬೈಯಲಿಲ್ಲ. ಬಾಯಿ ಕಟ್ಟಿದರೆ ಗಂಡ ಕದ್ದು ತಿನ್ನುತ್ತಾನೆಂದು ಗೊತ್ತಿತ್ತು. ಬನ್ನು ದಿನಕ್ಕೆ ಒಂದು, ಅದೂ ಕೂತು, ರುಚಿ ನೋಡಿಕೊಂಡು. ಡಬ್ಬಿಯ ತುಂಬ ಬೇಯಿಸಿದ ಕಾಳು, ತರಕಾರಿ, ಒಂದು ಮೊಟ್ಟೆ, ಹಿಡಿ ಅನ್ನ. ಮೊದಲ ವಾರ ಅವನು ಬೇಕರಿಯ ಮುಂದೆ ಬಸ್ಸನ್ನು ತುಸು ನಿಧಾನವಾಗಿಯೇ ಓಡಿಸಿದ. ಹದಿನೈದು ದಿನದಲ್ಲಿ ಆ ಹಪಾಹಪಿ ಇಳಿಯಿತು.

ಬೆಳಿಗ್ಗೆ ಅವಳೂ ಜೊತೆಗೆ ಬಂದಳು. ಮೊದಲು ಮಾಡಿದ ಕೆಲಸ ತಮ್ಮನ ಬಸ್ಸಿಗೆ ಕೈ ಅಡ್ಡ ಹಿಡಿದು, "ಇವರು ಎಲ್ಲಿಗೂ ಹೋಗ್ತಿಲ್ಲ ಕಣೋ, ನೀನು ಹೋಗು," ಎಂದದ್ದು. ಆಮೇಲೆ ಒಂದು ಕಂಬದವರೆಗೆ ನಡಿಗೆ, ಒಂದು ಕಂಬದವರೆಗೆ ಓಟ. ಅವಳು ಸೆರಗು ಸಿಕ್ಕಿಸಿ ಹೊರಟರೆ ಹಾರ್ನಣ್ಣನಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಪ್ರತಿ ಕಂಬದ ಬಳಿಯೂ ಅವಳು ನಿಂತು ಕಾಯಬೇಕಾಗುತ್ತಿತ್ತು.

ಮೂರು ತಿಂಗಳ ಕೊನೆಗೆ ಆರು ಕೆಜಿ ಇಳಿದಿತ್ತು, ಬಿಪಿಯೂ ಹಿಡಿತಕ್ಕೆ ಬಂದಿತ್ತು. ಡಾಕ್ಟರಮ್ಮ ಚೀಟಿಗೆ ಸಹಿ ಹಾಕಿದರು. ಇದನ್ನೆಲ್ಲ ಇನ್ನೆಷ್ಟು ದಿನ ಮಾಡಬೇಕೆಂದು ಅವನು ಆಸೆಯಿಂದ ಕೇಳಿದ. ಬಸ್ಸು ಓಡಿಸುವಷ್ಟು ದಿನ ಎಂದರು. ನಿವೃತ್ತಿಗೆ ಹನ್ನೊಂದು ವರ್ಷವಿತ್ತು.

ಅವನು ನೆಟ್ಟಗೆ ಅಂಗಡಿಗೆ ಹೋಗಿ ಹೆಂಡತಿಗೊಂದು ಜೊತೆ ಬೂಟು ತಂದ. ಅಷ್ಟು ದಿನ ಅವಳು ಓಡಿದ್ದು ಹಳೆಯ ಚಪ್ಪಲಿಯಲ್ಲಿ. ಅವಳು ಹಾಕಿಕೊಂಡು, ಹಜಾರದಲ್ಲಿ ಎರಡು ಸುತ್ತು ನಡೆದು ನೋಡಿ, ಲೇಸು ಬಿಗಿ ಮಾಡುತ್ತ ಹೇಳಿದಳು: "ನಾಳೆಯಿಂದ ನಾನು ಕಾಯೋದಿಲ್ಲ ನೋಡಿ."