ಸೂಜಿ ಚುಚ್ಚಿದಷ್ಟೇ ಗಾಯ

ನಮ್ಮ ಯಜಮಾನರು ಕಾರು ರಿಪೇರಿ ಮಾಡುವವರು. ಕೆಳಗೆ ಗ್ಯಾರೇಜು, ಮೇಲೆ ಮನೆ. ಡೀಸೆಲ್ ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಅವರಿಗೆ ಆಗೆಲ್ಲ ಟಾರ್ಚೂ ಬೇಡ, ಕನ್ನಡಕವೂ ಬೇಡ. ಇಂಜಿನ್ ಓಡುತ್ತಿರುವಾಗಲೇ ಪೈಪಿನ ಮೇಲೆ ತೋರುಬೆರಳು ಆಡಿಸುತ್ತಿದ್ದರು. "ನನ್ನ ಬೆರಳಿಗೇ ಕಣ್ಣಿದೆ ಕಣೇ" ಎನ್ನುವುದು ಅವರ ಜಂಬ. ನಮ್ಮ ಮಾವನವರೂ ಹಾಗೇ ಮಾಡುತ್ತಿದ್ದರಂತೆ. ಅವರ ಕಾಲದ ಗಾಡಿಯೇ ಬೇರೆ, ಈಗಿನದೇ ಬೇರೆ ಎಂದು ಬಾಯಿ ನೋಯುವಷ್ಟು ಹೇಳಿದ್ದೆ. ಕೇಳಿದರೆ ತಾನೇ?

ಅವತ್ತು ಬೆಳಿಗ್ಗೆ ಟ್ಯಾಕ್ಸಿಯವನೊಬ್ಬ ಡೀಸೆಲ್ ಸೋರುತ್ತಿದ್ದ ಕಾರು ತಂದು, ಬಾಡಿಗೆ ತಪ್ಪಿಹೋಗುತ್ತದೆ ಎಂದು ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದ. ನಾನು ಟೀ ಹಿಡಿದು ಕೆಳಗಿಳಿಯುವಷ್ಟರಲ್ಲಿ ಇವರು ಬೆರಳು ಕೊಡವುತ್ತಿದ್ದರು.

"ಏನಾಯ್ತು?"

"ಏನಿಲ್ಲ, ಏನೋ ಚುಚ್ತು."

ಬೆರಳ ತುದಿಯಲ್ಲಿ ಸೂಜಿ ಚುಚ್ಚಿದಷ್ಟು ತೂತು. ರಕ್ತವೂ ಇಲ್ಲ. ಬಟ್ಟೆಗೆ ಒರೆಸಿಕೊಂಡು ಮತ್ತೆ ಬಾನೆಟ್ಟಿನೊಳಗೆ ತಲೆ ತೂರಿಸಿದರು. ನನಗೆ ಮಾತ್ರ ಜೀವ ತಡೆಯಲಿಲ್ಲ. ಮೆಟ್ಟಿಲು ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಕೊನೆಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ತಂಗಿಗೆ ಫೋನ್ ಮಾಡಿ, ನಡೆದದ್ದು ಹೇಳಿ, ಇವರ ಮುಂದೆ ಹಿಡಿದೆ.

"ನೋವಿದೆಯಾ ಭಾವ?"

"ಇಲ್ಲ ಕಣಮ್ಮ. ನಿಮ್ಮಕ್ಕನಿಗೆ ಬೇರೆ ಕೆಲಸ ಇಲ್ಲ."

"ಈಗ ನೋವಿರಲ್ಲ, ಅದಕ್ಕೇ ಎಲ್ಲರೂ ಮೋಸ ಹೋಗೋದು. ಆ ಪೈಪಲ್ಲಿ ಒತ್ತಡ ಎಷ್ಟಿರತ್ತೆ ಅಂದ್ರೆ, ಕೂದಲೆಳೆ ಬಿರುಕಿಂದ ಚಿಮ್ಮಿದ ಡೀಸೆಲ್ಲೂ ಚರ್ಮ ತೂರಿ ಒಳಗೆ ಹೋಗತ್ತೆ. ಒಳಗೊಳಗೇ ಮಾಂಸ ಹಾಳು ಮಾಡತ್ತೆ. ಸಂಜೆ ತನಕ ಕಾದ್ರೆ ಬೆರಳೇ ಹೋಗಬಹುದು. ಈಗಲೇ ಬನ್ನಿ. ಬಂದ ತಕ್ಷಣ 'ಒತ್ತಡದ ಡೀಸೆಲ್ ಒಳಗೆ ಹೋಗಿದೆ' ಅಂತಲೇ ಹೇಳಿ. ಬರೀ ಗಾಯ ಅಂದ್ರೆ ಪಟ್ಟಿ ಕಟ್ಟಿ ಕಳಿಸ್ಬಿಟ್ಟಾರು."

"ಈ ಗಾಡಿ ಮುಗಿಸಿ ಬರ್ತೀನಿ" ಎಂದರು ಇವರು.

ನನಗೆ ಮೈಯೆಲ್ಲ ಉರಿದುಹೋಯಿತು. "ಆ ಕೈ ನಿಮ್ಮೊಬ್ಬರದಲ್ಲ. ಅದರಿಂದಲೇ ನಾವು ನಾಲ್ಕು ಜನ ಉಣ್ಣೋದು" ಎಂದು ಇಂಜಿನ್ ನಿಲ್ಲಿಸಿ ಕೀಲಿ ಕಿತ್ತುಕೊಂಡೆ. ಟ್ಯಾಕ್ಸಿಯವನು ಅಡ್ಡ ಬಂದ. ನನ್ನ ಮುಖ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಆಸ್ಪತ್ರೆ ತಲುಪುವಷ್ಟರಲ್ಲಿ ಬೆರಳು ಊದಿ, ತುದಿ ಬಿಳಿಚಿಕೊಂಡಿತ್ತು. ಇವರ ಜಂಬವೆಲ್ಲ ಬೆವರಾಗಿ ಇಳಿಯುತ್ತಿತ್ತು. ತಂಗಿ ಹೇಳಿಕೊಟ್ಟ ಮಾತನ್ನೇ ಹೇಳಿದೆ. ಡಾಕ್ಟರು ಬೆರಳಿನಿಂದ ಅಂಗೈವರೆಗೆ ಕೊಯ್ದು, ಒಳಗೆ ಹೊಕ್ಕ ಡೀಸೆಲ್ ತೊಳೆದರು. "ಇನ್ನೂ ತಡ ಮಾಡಿದ್ದರೆ ಕತ್ತರಿಸಬೇಕಾಗ್ತಿತ್ತು" ಎಂದರು.

ಮೊನ್ನೆ ಅದೇ ಟ್ಯಾಕ್ಸಿಯವನು ಮತ್ತೆ ಬಂದ. "ಬೇಗ ಅಣ್ಣ" ಎಂದ. ಇವರು ಇಂಜಿನ್ ನಿಲ್ಲಿಸಿ, ಕನ್ನಡಕ ಹಾಕಿಕೊಂಡು, ಗಡಿಯಾರ ನೋಡುತ್ತ ಕೂತರು.

"ಯಾಕಣ್ಣ ಸುಮ್ನೆ ಕೂತೆ?"

"ಇಂಜಿನ್ ನಿಂತ್ರೂ ಪೈಪಲ್ಲಿ ಒತ್ತಡ ಇರತ್ತೆ. ಕಂಪನಿ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕಾಯ್ಬೇಕು. ಆಮೇಲೇ ಪೈಪು ಬಿಚ್ಚೋದು. ಸೋರಿಕೆ ಹುಡುಕೋಕೆ ದೂರದಿಂದ ರಟ್ಟು ಹಿಡೀತೀನಿ, ಕೈಯಲ್ಲ. ಡೀಸೆಲ್ ಚಿಮ್ಮಿದ್ರೆ ರಟ್ಟು ಒದ್ದೆಯಾಗತ್ತೆ."

"ಕೈಗವಸು ಹಾಕ್ಕೊಂಡ್ರೆ ಸಾಲ್ದಾ?"

"ಅದನ್ನೂ ತೂರತ್ತೆ" ಎಂದು ಇವರು ತೋರುಬೆರಳು ಎತ್ತಿ ಹಿಡಿದರು. ಅದು ಈಗ ಪೂರ್ತಿ ಮಡಚುವುದಿಲ್ಲ. ಟ್ಯಾಕ್ಸಿಯವನು ಮೆಲ್ಲಗೆ ಪಕ್ಕದ ಸ್ಟೂಲಿನ ಮೇಲೆ ಕೂತ.

ನಿಮ್ಮ ಮನೆಯಲ್ಲೂ ಬೆರಳಿಗೆ ಕಣ್ಣಿರುವವರು ಇದ್ದಾರೆಯೇ? ಇವತ್ತೇ ಅವರಿಗೆ ಇದನ್ನು ಓದಿ ಹೇಳಿ. ಡೀಸೆಲ್ ಚುಚ್ಚಿದರೆ ನೋವಿಗಾಗಿ ಕಾಯಬೇಡಿ, ಆಸ್ಪತ್ರೆಗೆ ಓಡಿ. ಮಾತು ಕೇಳದಿದ್ದರೆ ಕೀಲಿ ಕಿತ್ತುಕೊಳ್ಳಿ. ಬೈದರೆ ಬೈಯಲಿ, ನನ್ನನ್ನೂ ಬೈದಿದ್ದರು. ಈಗ ಅದೇ ಕೈಯಲ್ಲಿ ಟೀ ಲೋಟ ಹಿಡಿದು ಕುಡಿಯುತ್ತಿದ್ದಾರೆ.