ಚೀಟಿ ಇಲ್ಲದೆ ತೆರೆದ ಅಂಗೈ

ಕಿಟಕಿಯ ಸರಳಿನ ನೆರಳು ಮೇಜಿನ ಮೇಲೆ, ಅದರ ಬಾಜೂ ನನ್ನ ಎಡಗೈ, ಮುಷ್ಟಿ ಕಟ್ಟಿದ್ದು ಕಟ್ಟಿದಂತೆ, ನನ್ನದೇ ಕೈ ನನ್ನ ಮೇಲೆ ಸಿಟ್ಟು ಮಾಡಿಕೊಂಡು ಕುಳಿತ ಹಾಗೆ — ಹೋದ ವರ್ಷ ರೇಡಿಯೋದಲ್ಲಿ ಚೀನಾದ ಲಡಾಯಿಯ ಸುದ್ದಿ ಬರುವಾಗ ಲಕ್ವಾ ಹೊಡೆಯಿತು, ಕಾಲೆಳೆದುಕೊಂಡು ನಡೆಯುವಷ್ಟಾಯಿತು, ಸೊಟ್ಟಗಾದ ಬಾಯಿ ನೆಟ್ಟಗಾಯಿತು, ಕಾಶೆವ್ವನ ಬಾಯಿಗೆ ಏನೂ ಆಗುವುದಿಲ್ಲ ಬಿಡು ಎಂದು ಇಡೀ ಕುಲಗೋಡ ಊರೇ ನಕ್ಕಿತು, ಆದರೆ ಈ ಅಂಗೈ ಮಾತ್ರ ಮುಚ್ಚಿಯೇ ಉಳಿಯಿತು, ನಡುವಿನ ಗುಳಿ ಹೇಗಿತ್ತೆಂಬುದೇ ಮರೆತುಹೋಗಿದೆ, ಅಯ್ಯನವರು ದೀಕ್ಷೆ ಕೊಟ್ಟು ಲಿಂಗ ಇಟ್ಟ ಗುಳಿ, ಸಣ್ಣವಳಿದ್ದಾಗಿನಿಂದ ದಿನಾ ಲಿಂಗ ಕುಳಿತ ಗುಳಿ. ಬಲಗೈಯಲ್ಲಿ ಹಿಡಿದರೆ ನೀರೆರೆಯುವ ಕೈ ಯಾವುದು, ಒಮ್ಮೆ ಎಡಗೈಯ ಮುಷ್ಟಿಯ ಮೇಲೆಯೇ ಇಟ್ಟು ನೀರೆರೆಯಹೋದೆ, ಜಾರಿ ನೆಲಕ್ಕೆ — ಶಿವನೇ, ಆ ಸಪ್ಪಳ — ಅಂದಿನಿಂದ ಕೊರಳಿನ ಲಿಂಗದ ಕರಡಿಗೆಯ ಮುಚ್ಚಳ ತೆಗೆದಿಲ್ಲ, ಪೂಜೆಯಿಲ್ಲದೆ ಉಣ್ಣುತ್ತೇನೆ, ಉಂಡದ್ದು ಮೈಗೆ ಹತ್ತುವುದಿಲ್ಲ. ನಮ್ಮ ಮನೆಯವರು ತಮ್ಮ ಅಂಗೈ ಚಾಚಿದರು, ನನ್ನ ಕೈ ಮ್ಯಾಲ ಇಡ ಕಾಶೀ, ಪೂಜಿ ನೀ ಮಾಡ. ಬ್ಯಾಡ್ರಿ, ನನ್ನ ಲಿಂಗ ನನ್ನ ಕೈಯಾಗ ಇರಬೇಕ್ರಿ. ಆಮೇಲೆ ಔಡಲೆಣ್ಣೆ ಹಚ್ಚಿ ಒಂದೊಂದು ಬೆರಳು ಹಿಡಿದು ಎಳೆದರು, ಪುಣ್ಯಾತ್ಮರು, ನಾನು ಒದರಿದ್ದಕ್ಕೆ ಗೋದಲಿಯ ಎತ್ತುಗಳು ಬೆದರಿದವು, ಬೆರಳು ಮಾತ್ರ ಇನ್ನಷ್ಟು ಬಿಗಿದವು.

ಇಂದು ಗೋಕಾಕದ ಬಸ್ಸು, ಈ ದವಾಖಾನೆ, ಬಾಗಿಲಲ್ಲೇ ಜವಾನ ಲಕ್ಕಪ್ಪ, ಕಸರತ್ತಿನ ಖೋಲಿಗೆ ಹೋಗಾಕ ದಾಕ್ತರ ಚೀಟಿ ಬೇಕ್ರಿ, ದಾಕ್ತರ ಊರಿಗೆ ಹೋಗ್ಯಾರ, ಸೋಮವಾರ ಬರ್ರಿ. ನನ್ನ ಕೈ ಮುಟ್ಟಾಕ ಅವರ ಚೀಟಿ ಯಾಕಪಾ, ಕೈ ಅವರದೇನು? ನಾನು ದನಿ ಏರಿಸಿದ್ದೇ ತಡ ಒಳಗಿನಿಂದ ಬಂದವಳು ಈ ಸತ್ತೆವ್ವ, ಬಿಳಿ ಸೀರೆ, ದಡ್ಡಿ ಎಂಬ ಊರಿನ ಹುಡುಗಿ, ಮುಂಬೈಯಲ್ಲಿ ಈ ಕೈಕಾಲಿನ ಕಸರತ್ತಿನ ವಿದ್ಯೆಯನ್ನೇ ಕಲಿತು ಬಂದವಳಂತೆ, ಬರ್ರಿ ಯವ್ವಾ ಒಳಗ, ಮೊದಲ ನಾ ನೋಡತೇನಿ, ದಾಕ್ತರ ನೋಡೂ ಅಂಥಾದ್ದಿದ್ದರ ನಾನ ಕಳಸತೇನಿ. ಅಷ್ಟೇ, ಒಳಗೆ ಬಂದುಬಿಟ್ಟೆ, ನಾಡಿ ಹಿಡಿದಳು, ತಲೆ ತಿರುಗುತ್ತದೆಯೇ ಕೇಳಿದಳು, ಈಗ ಎಳೆಯುತ್ತಾಳೆ ಎಂದು ಹಲ್ಲು ಕಚ್ಚಿದೆ, ಈಗ, ಈಗ — ಬೆರಳನ್ನು ಎಳೆಯಲೇ ಇಲ್ಲ ಅವಳು! ಮಣಿಕಟ್ಟನ್ನು ಒಳಕ್ಕೆ ಬಾಗಿಸಿದಳು, ಮೆಲ್ಲಗೆ, ಇನ್ನೂ ಮೆಲ್ಲಗೆ, ಅಬಬಬಾ, ಹೊಟ್ಟೆ ತುಂಬಿದ ಕೂಸು ಮೊಲೆ ಬಿಡುವ ಹಾಗೆ ಬೆರಳು ತಾವೇ ಸಡಿಲ, ಇಷ್ಟು ದಿನ ಬೆರಳಿನೊಂದಿಗೆ ಗುದ್ದಾಡಿದೆವು, ಮಣಿಕಟ್ಟನ್ನು ಕೇಳಿದವರೇ ಇಲ್ಲ, ಸಡಿಲಾದ ಬೆರಳನ್ನು ಹಾಗೇ ಹಿಡಿದು ಕೈಯನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದಳು, ತನ್ನ ಕೈ ತೆಗೆದಳು — ಗುಳಿ, ನನ್ನ ಗುಳಿ, ಬೆವರಿಗೆ ಬೆಳ್ಳಗಾಗಿ ನೆರಿಗೆ ಬಿದ್ದಿದೆ, ಅದರೊಳಗೆ ಕಿಟಕಿಯ ಬಿಸಿಲು. ಸ್ವಲ್ಪ ಹೊತ್ತಿಗೆ ಮತ್ತ ಮುಚ್ಚತೈತಿ ಯವ್ವಾ, ಅಂಜಬ್ಯಾಡ್ರಿ, ಹಿಂಗ ದಿನಾ ತೆರೀಬೇಕು, ಬಲಗೈಲೆ ನೀವ ತೆರೀಬಹುದು. ನಾನೇ? ನನ್ನ ಕೈಯಿಂದ ನಾನೇ? — ಸ್ವಲ್ಪ ಹೊತ್ತು ಎಂದರೆ ಎಷ್ಟು, ಜಳಕ ಮಾಡಿಯೇ ಬಂದಿದ್ದೇನೆ, ಬಲಗೈ ಆಗಲೇ ಸೆರಗಿನೊಳಗೆ, ಕರಡಿಗೆ, ಮುಚ್ಚಳ, ಸತ್ತೆವ್ವ ಚಪ್ಪಲಿ ಬಿಟ್ಟು ಹಿಂದೆ ಸರಿದು ನಿಂತಳು, ಬಾಗಿಲಲ್ಲಿ ನಮ್ಮ ಮನೆಯವರು, ಅಲ್ಲೇ ನಿಲ್ರಿ, ಮಾತಾಡಬ್ಯಾಡ್ರಿ, ಬೆರಳ ತುದಿ ಒಳಕ್ಕೆ ಮಡಚಹೋಯಿತು, ನಿಂತಿತು, ಗುಳಿಯಲ್ಲಿ ಲಿಂಗ, ತಣ್ಣಗೆ, ಕರ್ರಗೆ, ಕುಳಿತಿದೆ, ಶಿವನೇ, ಬೀಳಲಿಲ್ಲ, ಗುಳಿಯಲ್ಲಿ ಲಿಂಗ, ಬೀಳಲಿಲ್ಲ, ಗುಳಿಯಲ್ಲಿ —