ಕೇಳಿಸಿಕೊಳ್ಳುವ ಕೆಲಸ

ದರ್ಜಿ ಅಕ್ಕ ಹೊಲಿದ ಕೋಟು ತಲುಪಿಸಲು ಹೊರಟವಳು ಗೋದಾಮಿನ ತಿರುವಿನಲ್ಲಿ ಸ್ಕೂಟರ್ ಸಮೇತ ಗುಂಡಿಗೆ ಬಿದ್ದು ಬಲಗೈ ಮುರಿದುಕೊಂಡಳು. ಕೋಟಿಗೆ ಏನೂ ಆಗಲಿಲ್ಲ. ಅದನ್ನು ಹೊಲಿಸಿದ್ದ ವಕೀಲ ಆಸ್ಪತ್ರೆಗೇ ಬಂದು, ಹಾಸಿಗೆಯ ಪಕ್ಕದಲ್ಲೇ ತೊಟ್ಟು ನೋಡಿ, "ಒಂದು ಗುಂಡಿ ಸಡಿಲ ಆಗಿದೆಯಲ್ಲಮ್ಮ," ಎಂದ.

"ನಾನು ಬಿದ್ದ ಗುಂಡಿ ಮಾತ್ರ ಗಟ್ಟಿಯಾಗೇ ಇದೆ ಸ್ವಾಮಿ," ಎಂದಳು ಅಕ್ಕ.

ಅವಳ ತಮ್ಮ ಶಾಸಕ. ಎರಡು ಸಲ ಗೆದ್ದಿದ್ದರೂ ಸದನದಲ್ಲಿ ಅವನು ಬಾಯಿ ತೆರೆದದ್ದು ಆಕಳಿಸುವುದಕ್ಕೆ ಮಾತ್ರ ಎಂದು ವಿರೋಧಿಗಳು ಆಡಿಕೊಳ್ಳುತ್ತಿದ್ದರು. ಸ್ವಪಕ್ಷದವರೂ ಅಲ್ಲಗಳೆಯುತ್ತಿರಲಿಲ್ಲ. ನೋಡಲು ಬಂದವನು ಅಕ್ಕನಿಗೆಂದು ತಂದ ಕಿತ್ತಳೆಯನ್ನು ತಾನೇ ಸುಲಿದು ತಿನ್ನುತ್ತ, "ಗುಂಡಿ ಇರೋದು ನಿಂಗೆ ಗೊತ್ತಿತ್ತಲ್ಲ? ಯಾರಿಗಾದ್ರೂ ಹೇಳ್ಬಾರ್ದಿತ್ತಾ?" ಎಂದ.

"ಯಾರಿಗೋ ಹೇಳ್ಲಿ? ಪುರಸಭೆಯವರು ಅದು ಹೆದ್ದಾರಿಯವರದು ಅಂತಾರೆ. ಹೆದ್ದಾರಿಯವರು ಪುರಸಭೆ ಕಡೆ ಕೈ ತೋರಿಸ್ತಾರೆ. ನೀನು ಫೋನೇ ಎತ್ತಲ್ಲ. ಕೇಳಿಸ್ಕೊಳ್ಳೋಕೆ ಒಂದು ಕಿವಿನಾದ್ರೂ ಬೇಡ್ವಾ?"

ತಮ್ಮ ಜಗಿಯುವುದನ್ನು ನಿಲ್ಲಿಸಿದ. ಹತ್ತು ವರ್ಷದಲ್ಲಿ ಅವನಿಗೆ ಹೊಳೆದ ಮೊದಲ ವಿಚಾರ ಅದು.

ಮುಂದಿನ ಅಧಿವೇಶನದಲ್ಲಿ ಅವನು ಎದ್ದು ನಿಂತ. ಅಪಾಯಕಾರಿ ರಸ್ತೆಗಳ ಬಗ್ಗೆ ದೂರು ಹೇಳಲು ಇಡೀ ರಾಜ್ಯಕ್ಕೆ ಒಂದು ಸಹಾಯವಾಣಿ ಬೇಕೆಂಬ ಮಸೂದೆ ಮಂಡಿಸಿ, ಅಕ್ಕನ ಕೈ ನೆನೆದು ಗದ್ಗದಿತನಾದ. ವಿರೋಧ ಪಕ್ಷದ ಹಿರಿಯರೊಬ್ಬರು ಗಾಬರಿಯಿಂದ, "ಇದರಲ್ಲಿ ರಸ್ತೆ ರಿಪೇರಿ ಮಾಡ್ಬೇಕು ಅಂತ ಎಲ್ಲಾದ್ರೂ ಇದೆಯಾ?" ಎಂದು ಕೇಳಿದರು. ಇಲ್ಲ, ಕೇಳಿಸಿಕೊಳ್ಳಬೇಕು ಎಂದಷ್ಟೇ ಇದೆ ಎಂದು ಖಾತ್ರಿಯಾದ ಮೇಲೆ ಯಾರ ತಕರಾರೂ ಉಳಿಯಲಿಲ್ಲ. 'ಅಪಾಯಕಾರಿ' ಎಂಬ ಮಾತು ಸರ್ಕಾರಕ್ಕೆ ಶೋಭೆಯಲ್ಲವೆಂದು ಅದನ್ನು 'ಗಮನಾರ್ಹ' ಎಂದು ತಿದ್ದಿ, ಮೇಜು ಕುಟ್ಟಿ ಅಂಗೀಕರಿಸಿದರು.

ಅಕ್ಕನ ಮೂಳೆ ಕೂಡಿತು. ಆದರೆ ಕತ್ತರಿ ಹಿಡಿದರೆ ಕೈ ನಡುಗುತ್ತಿತ್ತು. "ಫೋನ್ ಎತ್ತೋಕೆ ಎಡಗೈ ಸಾಕು," ಎಂದು ತಮ್ಮ ಅವಳನ್ನೇ ಸಹಾಯವಾಣಿಗೆ ಸೇರಿಸಿದ.

ರಸ್ತೆ ಇಲಾಖೆಯ ನೆಲಮಾಳಿಗೆಯಲ್ಲಿ ಒಂದು ಮೇಜು, ಒಂದು ಫೋನು, ಅವಳ ತನಕ ತಿರುಗಿ ಬರುವಷ್ಟರಲ್ಲಿ ಮನಸ್ಸು ಬದಲಿಸುವ ಒಂದು ಫ್ಯಾನು. ಕೆಲಸ ಮಾತ್ರ ಅವಳ ಕೈಗೆ, ಅಂದರೆ ಕಿವಿಗೆ, ಚೆನ್ನಾಗಿ ಹತ್ತಿತು. "ಅಯ್ಯೋ, ಬಿದ್ರಾ? ಎಲ್ಲಿ ಪೆಟ್ಟಾಯ್ತು? ಮನೇಲಿ ನೋಡ್ಕೊಳ್ಳೋರು ಇದ್ದಾರಾ?" ಎಂದು ಅವಳು ಕೇಳಿದರೆ ಕೆಂಡ ಕಾರುತ್ತಿದ್ದವರು ಬೆಣ್ಣೆಯಾಗುತ್ತಿದ್ದರು. ಇಲಾಖೆಯ ವಂಶವನ್ನೇ ಬೈಯಲು ಫೋನ್ ಮಾಡಿದ ಲಾರಿ ಚಾಲಕನೊಬ್ಬ ತನ್ನ ಮಗಳ ಸಂಸಾರದ ಕಷ್ಟ ಹೇಳಿಕೊಂಡು, ಅತ್ತು, ಲಾರಿಯ ವಿಷಯ ಮರೆತೇಬಿಟ್ಟ.

ಇಂಜಿನಿಯರ್ ಒಂದು ದಿನ ಮೆಟ್ಟಿಲಿಳಿದು ಬಂದು ಕೈಮುಗಿದ. "ಅಮ್ಮಾ, ನೀವು ಬಂದ್ಮೇಲೆ ಕಚೇರಿ ಮುಂದೆ ಒಂದು ಧರಣೀನೂ ಇಲ್ಲ. ಜನ ತೃಪ್ತರಾಗಿದ್ದಾರೆ."

"ಮತ್ತೆ ಗುಂಡಿಗಳು?"

"ಗುಂಡಿಗಳು ಯಾವತ್ತು ದೂರು ಹೇಳಿವೆ ಹೇಳಿ?"

ಅವನು ನಗುತ್ತ ಹೋದ. ಅಕ್ಕನಿಗೆ ಅವತ್ತು ಊಟ ಸೇರಲಿಲ್ಲ. ಗುಂಡಿ ಕಾಣದಂತೆ ಮೇಲೆ ಹಾಸಿದ ಚಾಪೆ ತಾನು ಎನಿಸಿತು.

ಮರುದಿನ ಒಬ್ಬ ದಾದಿ ಫೋನ್ ಮಾಡಿದಳು. ಗೋದಾಮಿನ ತಿರುವಿನಲ್ಲಿ ಅವಳ ಅತ್ತೆ ಬಿದ್ದು ಸೊಂಟ ಮುರಿದಿತ್ತು. ಅಕ್ಕ 'ಅಯ್ಯೋ' ಎಂದವಳು ಅಲ್ಲಿಗೇ ನಿಲ್ಲಿಸಿದಳು.

"ನೋಡಮ್ಮಾ, ನಾನೂ ಅಲ್ಲೇ ಬಿದ್ದವಳು. ನನ್ನ ಹತ್ರ ಹೇಳ್ಕೊಂಡ್ರೆ ಮನಸ್ಸು ಹಗುರಾಗುತ್ತೆ ಅಷ್ಟೆ, ರಸ್ತೆ ನೆಟ್ಟಗಾಗಲ್ಲ. ಶಾಸಕರ ಮನೆ ನಂಬರ್ ಕೊಡ್ತೀನಿ. ಊಟದ ಹೊತ್ತಿಗೆ ಮಾಡು, ಸಿಗ್ತಾರೆ."

ಅಂದಿನಿಂದ ಕರೆ ಮಾಡಿದವರಿಗೆಲ್ಲ ಅದೇ ನಂಬರು.

ತಮ್ಮನ ಮನೆಯಲ್ಲಿ ಫೋನ್ ಎತ್ತುತ್ತಿದ್ದವಳು ಅವನ ಹೆಂಡತಿ. ಗಂಡನ ಒಂದು ಭಾಷಣವನ್ನೂ ಪೂರ್ತಿ ಕೇಳಿದವಳಲ್ಲ. ಪರರ ಗೋಳು ಕೇಳಿದರೆ ಮಾತ್ರ ತಡೆಯಲಾರಳು. ತಟ್ಟೆಯ ಮುಂದೆ ಕೂತ ಗಂಡನ ಕಿವಿಗೆ ಫೋನ್ ಒತ್ತಿ, "ಮೊದ್ಲು ಇವ್ರಿಗೆ ಉತ್ತರ ಕೊಡಿ. ಆಮೇಲೆ ಬಡಿಸ್ತೀನಿ," ಎನ್ನುತ್ತಿದ್ದಳು. ಹಸಿವು ಎಂಥ ನಾಯಕನನ್ನೂ ಓಡಿಸುತ್ತದೆ. ವಾರ ಕಳೆಯುವುದರೊಳಗೆ ಅವನು ಗೋದಾಮಿನ ತಿರುವಿನಲ್ಲಿ ಡಾಂಬರಿನ ಹೊಗೆಯ ನಡುವೆ ಖುದ್ದಾಗಿ ನಿಂತಿದ್ದ. ಆಮೇಲೆ ಸೇತುವೆಯ ರಸ್ತೆ, ಅದಾದ ಮೇಲೆ ಶಾಲೆಯ ರಸ್ತೆ. ಪತ್ರಿಕೆಗಳು ಸಹಾಯವಾಣಿಯ ಪವಾಡವನ್ನು ಹೊಗಳಿದವು. ಸರ್ಕಾರ ಅವನನ್ನು ರಸ್ತೆ ಮಂತ್ರಿ ಮಾಡಿತು.

ಮಂತ್ರಿಯಾದವನು ಮಾಡಿದ ಮೊದಲ ಕೆಲಸ, ಜನಪ್ರತಿನಿಧಿಯ ಖಾಸಗಿ ನಂಬರನ್ನು ಬಯಲು ಮಾಡಿದ ನೌಕರಳನ್ನು ತೆಗೆದುಹಾಕಿದ್ದು. ಹೇಳಲು ತಾನೇ ಬಂದ. ಅಕ್ಕ ಹೊಲಿಗೆ ಯಂತ್ರದ ಮುಂದೆ ಎಡಗೈಯಲ್ಲಿ ಬಟ್ಟೆ ಕತ್ತರಿಸುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಳು.

"ಸ್ವಂತ ಅಕ್ಕ ಅಂತ ಬಿಟ್ರೆ ಜನ ಏನಂತಾರೆ ಹೇಳು."

"ಸೇರಿಸ್ಕೊಂಡಾಗ ಏನಂದ್ರು?"

ತಮ್ಮ ಮಾತು ತಿರುಗಿಸಿದ. "ನಿನ್ ಜಾಗಕ್ಕೆ ಯಂತ್ರ ತರಿಸ್ತಿದ್ದೀವಿ. ಥೇಟ್ ನಿನ್ ಥರಾನೇ 'ಅಯ್ಯೋ' ಅನ್ನುತ್ತಂತೆ."

"ನಂಬರ್ ಕೊಡುತ್ತಾ?"

"ಅದೊಂದು ಇಲ್ಲ."

ಅಕ್ಕನಿಗೆ ಸಿಟ್ಟಿಗಿಂತ ನಗುವೇ ಮೊದಲು ಬಂತು. ನಗು ಕಂಡು ಧೈರ್ಯ ಬಂದ ತಮ್ಮ, "ಮಂತ್ರಿ ಅಂದ್ಮೇಲೆ ನಾಲ್ಕು ಒಳ್ಳೇ ಅಂಗಿ ಬೇಕಾಗುತ್ತೆ. ನೀನೇ ಹೊಲಿದುಕೊಡ್ತೀಯಾ?" ಎಂದ.

"ಬಾ, ನಿಂತ್ಕೋ."

ಟೇಪು ಸುತ್ತುತ್ತಿದ್ದಂತೆ ಅವನು ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಕ್ಕೆಳೆದುಕೊಂಡ.

"ಉಸಿರು ಬಿಡೋ. ಇರೋದನ್ನ ಅಳೀಬೇಕು ನಾನು," ಎಂದಳು ಅಕ್ಕ.